ಎಸ್ಟೋನಿಯನ್ ನುಡಿಗಟ್ಟು: ಮಾತಿನ ಜೊತೆ ಮರುಮಾತನ್ನೂ ಕಲಿಯಿರಿ

ಎಸ್ಟೋನಿಯಾದ ಮನೆಯೊಂದಕ್ಕೆ ಊಟಕ್ಕೆ ಹೋದ ಹೊಸಬರು, ಎರಡನೇ ಸಲ ಬಡಿಸಲು ಬಂದಾಗ ಸಾಕೆನ್ನಲು 'ಮ ಒಲೆನ್ ತ್ಯಾಯ್ಸ್' ಎಂದುಬಿಟ್ಟರೆ ಮೇಜಿನ ಸುತ್ತ ನಗು ಏಳುವುದು ಖಂಡಿತ. 'ಮ' ಎಂದರೆ ನಾನು, 'ಒಲೆನ್' ಎಂದರೆ ಇದ್ದೇನೆ, 'ತ್ಯಾಯ್ಸ್' ಎಂದರೆ ತುಂಬಿದ. ಇಂಗ್ಲಿಷಿನ 'ಐ ಆ್ಯಮ್ ಫುಲ್' ಅನ್ನು ಪದಕ್ಕೆ ಪದವಿಟ್ಟು ಕಟ್ಟಿದ ವಾಕ್ಯ ಅದು. ವ್ಯಾಕರಣದ ದೋಷವೇನೂ ಇಲ್ಲ, ಆದರೆ ಅಲ್ಲಿ ಅದರ ಅರ್ಥ 'ನನಗೆ ಅಮಲೇರಿದೆ' ಎಂದು. ಊಟ ಸಾಕಾದವರು ಹೇಳಬೇಕಾದದ್ದು 'ಮುಲ್ ಒನ್ ಕೊಹ್ತ್ ತ್ಯಾಯ್ಸ್', ಅಂದರೆ ನನಗೆ ಹೊಟ್ಟೆ ತುಂಬಿದೆ. ಗಮನಿಸಿ: ಕನ್ನಡದಲ್ಲೇ ಯೋಚಿಸಿದ್ದವರು ಈ ತಪ್ಪು ಮಾಡುತ್ತಿರಲಿಲ್ಲ. ಬೆಂಗಳೂರಿನಿಂದ ಐಟಿ ಕೆಲಸಕ್ಕೆಂದು ತಾಲಿನ್‌ಗೆ, ಓದಲೆಂದು ತಾರ್ತುವಿಗೆ ಹೋಗುವವರು ಈ ಭಾಷೆಯನ್ನು ಬಹುಮಟ್ಟಿಗೆ ಇಂಗ್ಲಿಷ್ ಪುಸ್ತಕ, ಇಂಗ್ಲಿಷ್ ಆ್ಯಪ್‌ಗಳ ಮೂಲಕವೇ ಕಲಿಯುತ್ತಾರೆ. ತೊಡಕು ಶುರುವಾಗುವುದು ಅಲ್ಲಿಂದ. ಸಾಮಾಜಿಕ ಸಂದರ್ಭದ ನುಡಿಗಟ್ಟುಗಳನ್ನು ಅರ್ಥದ ಪಟ್ಟಿಯಾಗಿ ಉರು ಹೊಡೆಯದೆ, ಸಂದರ್ಭದ ಜೊತೆಗೆ, ಅದಕ್ಕೆ ಕೊಡಬೇಕಾದ ಜವಾಬಿನ ಜೊತೆಗೆ ಜೋಡಿಯಾಗಿ ಕಲಿಯಬೇಕು; ನಡುವೆ ಇಂಗ್ಲಿಷನ್ನು ಆದಷ್ಟು ದೂರವಿಡಬೇಕು. ಈ ಲೇಖನದ ವಾದ ಇಷ್ಟೇ.

ಇಷ್ಟೆಲ್ಲ ಏಕೆ, ತಾಲಿನ್‌ನಲ್ಲಿ ಎಲ್ಲರಿಗೂ ಇಂಗ್ಲಿಷ್ ಬರುತ್ತದಲ್ಲ ಎಂಬುದು ಮೊದಲ ಆಕ್ಷೇಪ. ಯುವಜನರ ಮಟ್ಟಿಗೆ, ಕಂಪನಿಗಳ ಮಟ್ಟಿಗೆ ಅದು ನಿಜ. ಸ್ಕೈಪ್ 2003ರಲ್ಲಿ ರೂಪುಗೊಂಡ ನಗರ ಅದು. ಬೋಲ್ಟ್‌ನಂಥ ಕಂಪನಿಗಳ ತವರು. ಆದರೆ ಇಡೀ ದೇಶದ ಜನಸಂಖ್ಯೆ 13 ಲಕ್ಷಕ್ಕೆ ತುಸು ಹೆಚ್ಚು, ಅಂದರೆ ಬೆಂಗಳೂರಿನ ಕೆಲವೇ ಬಡಾವಣೆಗಳಷ್ಟು. ಇಷ್ಟು ಚಿಕ್ಕ ಸಮುದಾಯ ತನ್ನ ಭಾಷೆಯನ್ನು ಕಚೇರಿ, ನ್ಯಾಯಾಲಯ, ವಿಶ್ವವಿದ್ಯಾಲಯ ಎಲ್ಲ ಕಡೆಯೂ ಉಳಿಸಿಕೊಂಡಿರುವುದು ಹಟದಿಂದ. ಪೌರತ್ವ ಬೇಕಾದವರು ಬಿ1 ಮಟ್ಟದ ಭಾಷಾ ಪರೀಕ್ಷೆ ಪಾಸಾಗಬೇಕು. ಅದಕ್ಕಿಂತ ಮುಖ್ಯವಾದದ್ದು ಪರೀಕ್ಷೆಯ ಆಚೆಗಿದೆ. ಮೀಟಿಂಗ್ ಇಂಗ್ಲಿಷಿನಲ್ಲಿ ನಡೆಯುತ್ತದೆ; ಮೀಟಿಂಗ್ ಮುಗಿದ ಮೇಲೆ ಕಾಫಿ ಯಂತ್ರದ ಹತ್ತಿರದ ಮಾತು ಎಸ್ಟೋನಿಯನ್‌ಗೆ ಹೊರಳುತ್ತದೆ. ಅಪಾರ್ಟ್‌ಮೆಂಟಿನ ಅಂಗಳದಲ್ಲಿ, ಸೌನಾದ ಬಿಸಿಯಲ್ಲಿ, ವಯಸ್ಸಾದ ನೆರೆಯವರ ಜೊತೆ ಇಂಗ್ಲಿಷ್ ಹೆಚ್ಚು ದೂರ ಸಾಗುವುದಿಲ್ಲ.

ಜೋಡಿಯಾಗಿ ಕಲಿಯಬೇಕೆನ್ನಲು ಅತ್ಯಂತ ಬಲವಾದ ಸಾಕ್ಷ್ಯವೆಂದರೆ 'ಯೊಉದು ತೋಲೆ'. ಯಾರಾದರೂ ಸೌದೆ ಸೀಳುತ್ತಿದ್ದರೆ, ಆಲೂಗಡ್ಡೆ ಕೀಳುತ್ತಿದ್ದರೆ, ಬಾಗಿಲ ಮುಂದಿನ ಹಿಮ ತೋಡುತ್ತಿದ್ದರೆ ಹಾದುಹೋಗುವವರು ಹೇಳುವ ಮಾತು ಅದು. 'ಕೆಲಸಕ್ಕೆ ಬಲ ಬರಲಿ' ಎಂಬ ಹಾರೈಕೆ. ಇದಕ್ಕೆ ಥ್ಯಾಂಕ್ಸ್ ಎಂದರೆ ಯಾರೂ ಬೇಸರಪಟ್ಟುಕೊಳ್ಳುವುದಿಲ್ಲ, ಆದರೆ ರೂಢಿಯ ಜವಾಬು ಬೇರೆ: 'ಯೊಉದು ತರ್ವಿಸ್', ಬಲ ಬೇಕೇ ಬೇಕು. ಪದಗಳು ಎರಡೇ. ದುಡಿಯುತ್ತಿರುವವನು ಕೈಯಲ್ಲಿನ ಸಲಿಕೆ ಕೆಳಗಿಡಬೇಕಿಲ್ಲ, ಹಾರೈಸಿದವನು ನಿಲ್ಲಬೇಕಿಲ್ಲ, ಆದರೂ ಇಬ್ಬರ ನಡುವೆ ಸಲ್ಲಬೇಕಾದ ಮರ್ಯಾದೆ ಸಂದಿರುತ್ತದೆ. ನಿಘಂಟಿನಲ್ಲಿ 'ಯೊಉದು' ಎಂದರೆ ಶಕ್ತಿ ಎಂದು ಓದಿ ಬಿಟ್ಟವರಿಗೆ ಈ ವಹಿವಾಟು ಸಿಗುವುದಿಲ್ಲ. ಯಾರಾದರೂ ಹಾರೈಸಿದಾಗ ಅವರು ಸುಮ್ಮನೆ ತಲೆಯಾಡಿಸಿ ನಿಂತಿರುತ್ತಾರೆ, ಎದುರಿನವರಿಗೆ ಕೊನೆಗೆ ಇಂಗ್ಲಿಷಿಗೆ ಹೊರಳುವುದೊಂದೇ ದಾರಿ. ನೀವು ಅರ್ಧ ಸೆಕೆಂಡಿನಲ್ಲಿ 'ಯೊಉದು ತರ್ವಿಸ್' ಎಂದಿರಾದರೆ ಮುಂದಿನ ವಾಕ್ಯವೂ ಎಸ್ಟೋನಿಯನ್‌ನಲ್ಲೇ ಬರುವ ಸಂಭವ ಹೆಚ್ಚು. ಭಾಷೆ ಕಲಿಯುವವರಿಗೆ ಬೇಕಿರುವುದು ಅದೇ ಅಲ್ಲವೇ, ಎದುರಿನವರು ಇಂಗ್ಲಿಷಿಗೆ ಹೊರಳದಿರುವುದು.

ಊಟದ ಜೋಡಿಯೂ ಇದೇ ಅಚ್ಚಿನದು. ಉಣ್ಣುತ್ತಿರುವವರನ್ನು ಕಂಡರೆ 'ಯ್ಯಾತ್ಕು ಲೆಯ್ಬ', ರೊಟ್ಟಿ ಮುಗಿಯದಿರಲಿ. ಇಲ್ಲಿ 'ಲೆಯ್ಬ' ಎಂದರೆ ರೈ ಹಿಟ್ಟಿನ ಕಪ್ಪು ರೊಟ್ಟಿ. ಬಿಳಿ ಬ್ರೆಡ್ಡಿಗೆ ಬೇರೆ ಹೆಸರೇ ಇದೆ. ಬರಗಾಲಗಳನ್ನು ಕಂಡ ನೆಲದಲ್ಲಿ ರೊಟ್ಟಿಯೇ ಅನ್ನ. ಜವಾಬು 'ಯ್ಯಾತ್ಕು ತರ್ವಿಸ್', ಮುಗಿಯದಿರುವುದು ಬೇಕು. ಜೊತೆಗೆ ಕೂತು ತಿನ್ನಲು ಶುರುಮಾಡುವಾಗ ಹೇಳುವ 'ಹೆಅದ್ ಇಸು' ಬೇರೆ. ಅದು ಯುರೋಪಿನ ಎಲ್ಲ ಮೇಜುಗಳ ಮೇಲೂ ಇರುವಂಥದ್ದೇ, ಐತ್ಯಾಹ್ ಎಂದರೆ, ಅಂದರೆ ವಂದನೆ ಎಂದರೆ, ಸಾಕು. ಇಂಥ ಜೋಡಿಗಳ ತೂಕ ಕನ್ನಡಿಗರಿಗೆ ಬಿಡಿಸಿ ಹೇಳಬೇಕಿಲ್ಲ. ಕನ್ನಡ ಕಲಿತ ಹೊರಗಿನವರು ಮನೆಯಿಂದ ಹೊರಡುವಾಗ 'ಹೋಗ್ತೀನಿ' ಎಂದರೆ ವ್ಯಾಕರಣ ಸರಿಯಿದ್ದರೂ ಮನೆಯ ಹಿರಿಯರ ಮುಖ ಸಣ್ಣಗಾಗುತ್ತದೆ. 'ಹೋಗಿ ಬರ್ತೀನಿ' ಎನ್ನಬೇಕು, ಅದಕ್ಕೆ 'ಹೋಗಿ ಬನ್ನಿ' ಎಂಬ ಜವಾಬು ಕಾದಿರುತ್ತದೆ. ನುಡಿಗಟ್ಟು ಒಬ್ಬರ ಸೊತ್ತಲ್ಲ, ಇಬ್ಬರ ನಡುವಿನದು ಎಂಬ ಅರಿವು ನಮಗೆ ಮೊದಲೇ ಇದೆ. ಹೊಸ ಭಾಷೆಗೆ ಅದನ್ನು ಒಯ್ಯಲು ಮರೆಯುತ್ತೇವೆ, ಅಷ್ಟೆ.

ಇವೆಲ್ಲ ಹಳ್ಳಿಯ ಹಳೆ ಮಾತು, ಲ್ಯಾಪ್‌ಟಾಪಿನ ಮುಂದೆ ಕೂತವರಿಗೆ ಏಕೆ ಎಂದು ಕೇಳುವವರಿದ್ದಾರೆ. ಮೂಲ ಹಳ್ಳಿಯದೇ, ಅನುಮಾನವಿಲ್ಲ. ಜಾನಪದ ವಿದ್ವಾಂಸ ಯಾಕೊಬ್ ಹುರ್ತ್ 1888ರಲ್ಲಿ ಜಾನಪದ ಸಂಗ್ರಹಿಸಿ ಕಳಿಸಿರೆಂದು ಜನರಿಗೆ ಕರೆ ಕೊಟ್ಟಾಗ ಊರೂರಿನಿಂದ ಹಾಡು, ಗಾದೆ, ಒಗಟು ರಾಶಿ ಬಿದ್ದವು. ಆ ಸಂಗ್ರಹ ಇಂದು ತಾರ್ತುವಿನ ಎಸ್ಟೋನಿಯನ್ ಸಾಹಿತ್ಯ ಸಂಗ್ರಹಾಲಯದಲ್ಲಿದೆ. ಆದರೆ ಈ ಹಾರೈಕೆಗಳು ಸಂಗ್ರಹಾಲಯದಲ್ಲೇ ಉಳಿದುಬಿಟ್ಟಿಲ್ಲ. ಎಸ್ಟೋನಿಯಾದಲ್ಲಿ 'ತಲ್ಗುದ್' ಎಂಬ ಕೂಡು ದುಡಿಮೆಯ ಪದ್ಧತಿ ಇದೆ, ನಮ್ಮ ಮುಯ್ಯಾಳಿನ ಹತ್ತಿರದ್ದು. 2008ರ ಮೇ 3ರಂದು 'ತೇಮೆ ಆ್ಯರ' ಎಂಬ ಹೆಸರಿನಲ್ಲಿ ಸುಮಾರು 50,000 ಜನ ಒಂದೇ ದಿನ ದೇಶದ ಕಾಡುಮೇಡಿನ ಕಸ ಎತ್ತಿದರು. ಪ್ರತಿ ವರ್ಷ ಮೇ ತಿಂಗಳಲ್ಲಿ ಆ ಹೆಸರಿನ ಶ್ರಮದಾನ ಈಗಲೂ ನಡೆಯುತ್ತದೆ. ಅಪಾರ್ಟ್‌ಮೆಂಟಿನ ನಿವಾಸಿಗಳ ಸಂಘ ವಸಂತದಲ್ಲಿ ಅಂಗಳ ಗುಡಿಸಲು ಕರೆದಾಗ ಕುಂಟೆ ಹಿಡಿದು ನಿಂತ ಸಾಫ್ಟ್‌ವೇರ್ ಎಂಜಿನಿಯರಿಗೂ 'ಯೊಉದು ತೋಲೆ' ಬೇಕಾಗುತ್ತದೆ. ಕಚೇರಿಯಲ್ಲಿ ಬರಿಯ 'ಯೊಉದು' ಎಂದೂ ಅದು ಚಿಕ್ಕದಾಗಿ ಓಡಾಡುತ್ತದೆ.

ಎಸ್ಟೋನಿಯನ್ನರು ಮಾತೇ ಆಡುವುದಿಲ್ಲ, ಅವರ ಜೊತೆ ನುಡಿಗಟ್ಟು ಕಟ್ಟಿಕೊಂಡು ಏನು ಮಾಡುವುದು ಎಂಬುದು ಮತ್ತೊಂದು ಮಾತು. ಮಿತಭಾಷಿಗಳೆಂಬ ಹೆಸರು ಅವರಿಗಿದೆ, ಆ ಹೆಸರಿನ ಮೇಲೆ ಅವರೇ ಜೋಕು ಮಾಡಿಕೊಳ್ಳುತ್ತಾರೆ. ನನ್ನ ಪ್ರಕಾರ ಈ ಆಕ್ಷೇಪ ತಲೆಕೆಳಗಾಗಿದೆ. ಮಾತು ಕಡಿಮೆ ಇರುವ ಕಡೆಯೇ ಆಡುವ ಎರಡು ಮಾತಿಗೆ ಬೆಲೆ ಹೆಚ್ಚು. 'ಕುಯ್ದಸ್ ಲ್ಯಾಹೆಬ್', ಹೇಗೆ ನಡೆದಿದೆ ಎಂದು ಕೇಳಿದರೆ ಇಂಗ್ಲಿಷಿನ ರೂಢಿಯಂತೆ 'ಗ್ರೇಟ್, ಫೆಂಟಾಸ್ಟಿಕ್' ಎಂದು ಉಬ್ಬಿಸುವುದು ಅಲ್ಲಿ ಹೊಂದುವುದಿಲ್ಲ. 'ಪೊಲೆ ವಿಗ', ದೋಷವಿಲ್ಲ. 'ಕ್ಯಾಯ್ಬ್ ಕಹ್', ನಡೆಯುತ್ತದೆ. ನಾವು 'ಪರವಾಗಿಲ್ಲ', 'ನಡೀತಿದೆ' ಎನ್ನುತ್ತೇವಲ್ಲ, ಅದೇ ಎತ್ತರದ ದನಿ. ಹೊರಡುವ ಸೂಚನೆಯೂ ಹೀಗೇ ತಗ್ಗಿನದು. ಮಾತಿನ ನಡುವೆ ಒಬ್ಬರು 'ನೊ ನೀ' ಎಂದೋ 'ಎಗ ಮಿದಗಿ' ಎಂದೋ ಎಳೆದರೆ ಸರಿ ಹಾಗಾದರೆ, ಇನ್ನೇನು ಎಂದು ಅರ್ಥ; ಕೋಟು ಹುಡುಕಲು ಶುರುಮಾಡಬಹುದು. ಇದನ್ನು ಗುರುತಿಸದೆ ಹೊಸ ವಿಷಯ ಎತ್ತಿದವರು ಪಾಪ, ಮನೆಯವರ ತಾಳ್ಮೆ ಪರೀಕ್ಷಿಸುತ್ತಾರೆ.

ಶಿಸ್ತಿನ ವಿದ್ಯಾರ್ಥಿಗಳ ಆಕ್ಷೇಪ ಗಂಭೀರವಾದದ್ದು: ಹದಿನಾಲ್ಕು ವಿಭಕ್ತಿಗಳಿರುವ ಭಾಷೆಯಲ್ಲಿ ಮೊದಲು ವ್ಯಾಕರಣ ಗಟ್ಟಿಯಾಗಬೇಡವೇ? ಹದಿನಾಲ್ಕು ನಿಜ, ಆದರೆ ಈ ಹಾರೈಕೆಗಳೇ ಅವುಗಳನ್ನು ಒಳಗೆ ಹೊತ್ತುಕೊಂಡು ಬರುತ್ತವೆ. 'ಹೆಅದ್' ಎಂಬ ಪದವನ್ನೇ ನೋಡಿ. ಹೆಅದ್ ಇಸು, ಹೆಅದ್ ರೆಯ್ಸಿ, ಹೆಅದ್ ಆಎಗ: ಊಟ ರುಚಿಸಲಿ, ಪ್ರಯಾಣ ಸುಖಕರವಾಗಲಿ, ಹೋಗಿ ಬನ್ನಿ. ಸೌನಾಕ್ಕೆ ಹೋಗುವವರಿಗೆ ಹೆಅದ್ ಲೆಯ್ಲಿ, ಒಳ್ಳೆಯ ಹಬೆ ಸಿಗಲಿ. ಎಲ್ಲದರಲ್ಲೂ 'ಹಾರೈಸುತ್ತೇನೆ' ಎಂಬ ಕ್ರಿಯಾಪದ ಬಿಟ್ಟುಹೋಗಿದೆ. ಆ ಬಿಟ್ಟ ಕ್ರಿಯಾಪದಕ್ಕೆ ಕರ್ಮವಾಗಿ ನಿಂತಿರುವುದರಿಂದ ಪದಗಳು ಅಂಶಸೂಚಕ ವಿಭಕ್ತಿಯಲ್ಲಿವೆ. ಕಲಿಯುವವರನ್ನು ವರ್ಷಗಟ್ಟಲೆ ಕಾಡುವ ವಿಭಕ್ತಿ ಅದು. ಹಾರೈಕೆಗಳಲ್ಲಿ ಬಾಯಿಪಾಠವಾಗಿ ಮೊದಲೇ ನಾಲಿಗೆಗೆ ಬಂದಿರುತ್ತದೆ. 'ತೋಲೆ'ಯ ಕೊನೆಯ 'ಲೆ' ಕನ್ನಡದ 'ಕೆಲಸಕ್ಕೆ'ಯ 'ಕ್ಕೆ'. ಗ್ಲಾಸೆತ್ತುವಾಗಲೂ ಪಕ್ಕದವರು ಸೀನಿದಾಗಲೂ ಹೇಳುವ 'ತೆರ್ವಿಸೆಕ್ಸ್'ನ ಕೊನೆಯ 'ಕ್ಸ್' ಆರೋಗ್ಯಕ್ಕಾಗಿ, ಆರೋಗ್ಯವಾಗಲಿ ಎನ್ನುವ ಪ್ರತ್ಯಯ. ಇಲ್ಲೊಂದು ಇಂಗ್ಲಿಷಿನ ಬಲೆಯೂ ಇದೆ. 'ಗುಡ್ ಈವ್ನಿಂಗ್' ಎಂದು ಯೋಚಿಸಿ ಸಿಕ್ಕ ಕೂಡಲೇ 'ಹೆಅದ್ ಒಹ್ತುತ್' ಎಂದರೆ ಬಂದವರು ಆಗಲೇ ಹೊರಟಂತೆ ಕೇಳುತ್ತದೆ, ಏಕೆಂದರೆ ಅದು ಸಾಮಾನ್ಯವಾಗಿ ಬೀಳ್ಕೊಡುವಾಗಿನ ಮಾತು. ಭೇಟಿಯಾದಾಗ ಹೇಳುವುದು 'ತೆರೆ ಒಹ್ತುಸ್ತ್'.

ಉಚ್ಚಾರಣೆಯ ಬಗ್ಗೆ ಎರಡು ಮಾತು, ಏಕೆಂದರೆ ಇಲ್ಲಿ ಕನ್ನಡ ಲಿಪಿಯಲ್ಲಿ ಬರೆದದ್ದು ಸಮೀಪದ ರೂಪ ಮಾತ್ರ. 'ಯೊಉದು', 'ಕೊಹ್ತ್'ಗಳ ಒಕಾರವನ್ನು ತುಟಿ ದುಂಡಗೆ ಮಾಡದೆ ಹೇಳಬೇಕು. 'ತೋಲೆ'ಯ ಸ್ವರ ತುಟಿ ದುಂಡಗೆ ಮಾಡಿ ಹೇಳಿದ ಏಕಾರ. ನಮಗಿರುವ ಅನುಕೂಲವೂ ದೊಡ್ಡದೇ. ಹ್ರಸ್ವ ದೀರ್ಘ, ಒತ್ತಕ್ಷರ ನಮಗೆ ರಕ್ತಗತ. ಎಸ್ಟೋನಿಯನ್‌ನಲ್ಲಿ ಮೂರನೆಯ ಅಳತೆಯೊಂದಿದೆ: 'ಸದ' ನೂರು, 'ಸಾದ' ಕಳಿಸು, ಅದನ್ನೇ ಇನ್ನೂ ಎಳೆದರೆ 'ಪಡೆಯುವುದು'. ಬರವಣಿಗೆಯಲ್ಲಿ ಕೊನೆಯ ಎರಡಕ್ಕೂ ವ್ಯತ್ಯಾಸವೇ ಇಲ್ಲ, ಕಿವಿಯೇ ಗತಿ.

ಕನ್ನಡದ ದಾರಿ ಎಲ್ಲಿಯವರೆಗೆ ಒಯ್ಯುತ್ತದೆ, ಎಲ್ಲಿ ಕೈಬಿಡುತ್ತದೆ ಎಂದು ಪ್ರಾಮಾಣಿಕವಾಗಿ ನೋಡಬೇಕು. ಅನುಭವಿಸುವವರನ್ನು 'ನಾನು' ಎನ್ನದೆ 'ನನಗೆ' ಎನ್ನುವ ನಮ್ಮ ಅಭ್ಯಾಸಕ್ಕೆ ಅಲ್ಲಿ 'ಮುಲ್' ಸಮನಾಗಿ ನಿಲ್ಲುತ್ತದೆ. ಮುಲ್ ಒನ್ ಕ್ಯುಲ್ಮ್, ನನಗೆ ಚಳಿ. ಮುಲ್ ಒನ್ ಕೊಹ್ತ್ ತ್ಯುಹಿ, ನನಗೆ ಹೊಟ್ಟೆ ಖಾಲಿ, ಅಂದರೆ ಹಸಿವು. ಮುಲ್ ಕ್ಯಾಯ್ಬ್ ಪೆಅ ರಿಂಗಿ, ನನಗೆ ತಲೆ ಸುತ್ತುತ್ತಿದೆ. ಇವುಗಳಿಗೆ ಇಂಗ್ಲಿಷಿನ ಸುತ್ತುದಾರಿ ಸುಮ್ಮನೆ ದಂಡ. ಆದರೆ 'ಮುಲ್ ಒನ್ ಸ್ಯುದ ಪಹ' ಎಂಬುದನ್ನು 'ನನ್ನ ಹೃದಯ ಕೆಟ್ಟಿದೆ' ಎಂದು ಬಿಡಿಸಿಕೊಂಡರೆ ಆಂಬುಲೆನ್ಸ್ ಕರೆಯಬೇಕಾದೀತು. ಅದು ಬರಿಯ ವಾಕರಿಕೆ, ಹೊಟ್ಟೆ ತೊಳಸುವುದು. ಸಂಬಂಧವಾಚಕಗಳೂ ಗಡಿ ದಾಟುವುದಿಲ್ಲ. ಅಣ್ಣ, ಅಕ್ಕ, ಅಂಕಲ್ ಎಂದು ಅಪರಿಚಿತರನ್ನು ಕರೆಯುವ ನಮ್ಮ ಸಲಿಗೆ ವಯಸ್ಕರ ಬಾಯಲ್ಲಿ ಅಲ್ಲಿ ವಿಚಿತ್ರ. ಗೌರವಕ್ಕೆ 'ತೆಯ್ಯೆ' ಇದೆ, ನಮ್ಮ ನೀವು. ನೀನು ಎನ್ನುವ 'ಸಿನ' ಸಹೋದ್ಯೋಗಿಗಳ ನಡುವೆ ಬೇಗ ಬರುತ್ತದೆ, ಕೌಂಟರಿನ ಆಚೆಗಿರುವ ಹಿರಿಯರಿಗೆ ಸಲ್ಲದು. ಇನ್ನೊಂದು ಕೊರತೆ ನಮ್ಮದೇ. ಕನ್ನಡದಲ್ಲಿ ವಿನಯವೆಲ್ಲ 'ಕೊಡ್ತೀರಾ', 'ಸ್ವಲ್ಪ ನೋಡಿ' ಎಂಬ ಕ್ರಿಯಾರೂಪ ಮತ್ತು ದನಿಯಲ್ಲಿರುತ್ತದೆ, 'ದಯವಿಟ್ಟು' ಎಂಬುದು ಸೂಚನಾಫಲಕದ ಭಾಷೆ. ಅಲ್ಲಿ 'ಪಲುನ್' ಮತ್ತು 'ಐತ್ಯಾಹ್' ಇಲ್ಲದೆ ಅಂಗಡಿಯಲ್ಲಿ ಒಂದು ಬನ್ ಕೊಳ್ಳುವುದೂ ಒರಟು. ಬೇಡವೆಂದಾಗ 'ಎಯ್, ಐತ್ಯಾಹ್', ಬೇಕೆಂದಾಗ 'ಯಾಹ್, ಪಲುನ್' ಎಂದು ಪೂರ್ತಿ ಹೇಳಿಬಿಡುವುದು ಕ್ಷೇಮ.

ಇದುವರೆಗಿನವು ಧೈರ್ಯವಾಗಿ ಬಳಸಬಹುದಾದವು. ಚಿತ್ರ ಕಟ್ಟುವ ನುಡಿಗಟ್ಟುಗಳ ಮಾತು ಬೇರೆ. ಕಲಿಯುವವರಿಗೆ ಮೊದಲು ಆಸೆ ಹುಟ್ಟಿಸುವುದು ಇವೇ. ಇವನ್ನು ಕೇಳಿ ಅರ್ಥ ಮಾಡಿಕೊಳ್ಳಲು ಮೊದಲು ಕಲಿಯಿರಿ, ಬಳಸುವ ಆತುರ ಬೇಡ ಎಂದೇ ನಾನು ಹೇಳುವುದು. 'ಪೂಸ್ತ್ ಯ ಪುನಸೆಕ್ಸ್' ಮಾಡಿ ತೋರಿಸು ಎಂದರೆ ಮರದಲ್ಲಿ ಕೆತ್ತಿ ಕೆಂಪು ಬಣ್ಣ ಬಳಿದಷ್ಟು ಸ್ಪಷ್ಟವಾಗಿ ವಿವರಿಸು ಎಂದು. 'ಸೀಲಿಲೆಗಿ ಸೆಲ್ಗೆ', ಮುಳ್ಳಿಲಿಗೂ ಗೊತ್ತಾಗುವಂಥದ್ದು. ಈ ಮುಳ್ಳಿಲಿ ರಷ್ಯನ್ ಭಾಷೆಯಲ್ಲೂ ಇದೆ. ಶುಭವಾಗಲಿ ಎನ್ನಲು ಹೆಬ್ಬೆರಳು ಹಿಡಿಯುತ್ತೇನೆ ಎನ್ನುವ 'ಹೊಯನ್ ಪೋಯಲ್ತ್' ಜರ್ಮನ್ನರ ಕೈಯಲ್ಲೂ ಇದೆ. ಹದಿಮೂರನೇ ಶತಮಾನದಿಂದ ಇಪ್ಪತ್ತನೇ ಶತಮಾನದ ಆರಂಭದವರೆಗೆ ಜಮೀನು ಜರ್ಮನ್ ಒಡೆಯರದ್ದು, 1710ರ ನಂತರ ಆಳ್ವಿಕೆ ರಷ್ಯದ್ದು, ನಡುವಿನ ಸ್ವಾತಂತ್ರ್ಯ ಕಳೆದು 1940ರಿಂದ 1991ರವರೆಗೆ ಬಹುಪಾಲು ಸೋವಿಯತ್ ಹಿಡಿತ: ಆ ಇತಿಹಾಸವೆಲ್ಲ ನುಡಿಗಟ್ಟಿನಲ್ಲಿ ಕೂತಿದೆ. ಹಾಗಾಗಿ ಜರ್ಮನ್ ಬಲ್ಲವರಿಗೆ ಅರ್ಧ ಕೆಲಸ ಹಗುರ. ಪರೀಕ್ಷೆಗೆ ಹೊರಟವರಿಗೆ 'ಕಿವಿ ಕೊತ್ತಿ' ಎನ್ನುತ್ತಾರೆ. ಅಲ್ಲಿ ಕಿವಿ ಎಂದರೆ ಕಲ್ಲು. ನಿನ್ನ ಚೀಲಕ್ಕೆ ಕಲ್ಲು ಬೀಳಲಿ ಎಂಬ ಉಲ್ಟಾ ಹಾರೈಕೆ. ವಾಹನ ಹತ್ತುವವರಿಗೆ 'ನಎಲ್ ಕುಮ್ಮಿ', ಟೈರಿಗೆ ಮೊಳೆ! ಕೇಳಿ ಗಾಬರಿಯಾಗಬೇಡಿ. ಟಿಕೆಟ್ ಇಲ್ಲದೆ ಬಸ್ಸಿನಲ್ಲಿ ಹೋಗುವುದಕ್ಕೆ 'ಮೊಲ ಸವಾರಿ' ಎಂಬರ್ಥದ ಮಾತಿದೆ. ತಾಲಿನ್ 2013ರಿಂದ ತನ್ನಲ್ಲಿ ನೋಂದಾಯಿಸಿದ ನಿವಾಸಿಗಳಿಗೆ ಪ್ರಯಾಣ ಉಚಿತ ಮಾಡಿದ ಮೇಲೆ ಆ ಮೊಲಗಳಿಗೆ ಕೆಲಸ ಕಡಿಮೆಯಾಗಿರಬೇಕು.

ಆತುರ ಬೇಡವೆನ್ನಲು ಕಾರಣ ಇವುಗಳ ಅಳತೆ ತೀರ ಸೂಕ್ಷ್ಮವಾಗಿರುವುದು. 'ಲ್ಯಾಹ್ಮೆ ಸೇನೆಲೆ' ಎಂದರೆ ಅಣಬೆ ಕೀಳಲು ಹೋಗೋಣ. ಸೆಪ್ಟೆಂಬರಿನಲ್ಲಿ ಯಾರಾದರೂ ಹಾಗೆ ಕರೆದರೆ ಅದು ಸ್ನೇಹದ ದೊಡ್ಡ ಗುರುತು, ಏಕೆಂದರೆ ಅಣಬೆ ಸಿಗುವ ಜಾಗವನ್ನು ಅಲ್ಲಿಯವರು ಸುಲಭವಾಗಿ ಬಿಟ್ಟುಕೊಡುವುದಿಲ್ಲ. 'ಮಿನೆ ಸೇನೆಲೆ', ಅಣಬೆ ಕೀಳಲು ಹೋಗು ಎಂದರೆ 'ತೊಲಗಾಚೆ'. ಕ್ರಿಯಾರೂಪ ಒಂದು ಬದಲಾದರೆ ಆಮಂತ್ರಣವೇ ಬೈಗುಳ. ಸಾಕುಸಾಕಾಯಿತು ಎನ್ನುವ 'ಕೊಪ್ಪ್ ಏಸ್' ಗೆಳೆಯರ ನಡುವೆ ಸೊಗಸು, ಮ್ಯಾನೇಜರ್ ಮುಂದೆ ಒರಟು. ಹೊರಗಿನವರು ಇಂಥವನ್ನು ಬಳಸಿದರೆ ಅಣಕದಂತೆ ಕೇಳುತ್ತದೆ ಎಂಬ ಭಯ ಸಕಾರಣವೇ. ಆದರೆ ಆ ಭಯವನ್ನು 'ಯೊಉದು ತೋಲೆ'ಗೂ ಹಚ್ಚಿ ಬಾಯಿ ಹೊಲಿದುಕೊಳ್ಳುವುದು ತಪ್ಪು. ಹಾರೈಕೆಗೆ ಎಲ್ಲರಿಗೂ ಹಕ್ಕಿದೆ, ಕುಹಕಕ್ಕೆ ಸಲಿಗೆ ಬೇಕು.

ಹಬ್ಬ ಮತ್ತು ಸಾವಿನ ಮಾತುಗಳನ್ನು ಮೊದಲೇ ಬಾಯಿಗೆ ತಂದುಕೊಂಡಿರಬೇಕು, ಆ ಹೊತ್ತಿನಲ್ಲಿ ಫೋನು ತೆಗೆದು ನೋಡುವಂತಿಲ್ಲ. ಹುಟ್ಟುಹಬ್ಬಕ್ಕೆ, ಮದುವೆಗೆ, ಬಡ್ತಿಗೆ 'ಪಲ್ಯು ಒನ್ನೆ' ಒಂದೇ ಸಾಲುತ್ತದೆ. ಡಿಸೆಂಬರಿನ ಕೊನೆಯ ದಿನಗಳಲ್ಲಿ ಹೊಸ ವರ್ಷದ ಶುಭಾಶಯಕ್ಕೂ ಮುಂಚೆ 'ಹೆಅದ್ ವನ-ಆಸ್ತ ಲೊಪ್ಪು', ಹಳೆಯ ವರ್ಷ ಚೆನ್ನಾಗಿ ಮುಗಿಯಲಿ ಎನ್ನುತ್ತಾರೆ. ಕ್ರಿಸ್ಮಸ್ಸಿಗೆ ಬಹುವಚನದಲ್ಲಿ 'ಹ್ಯಾಯ್ದ್ ಯೊಉಲೆ'. ಸಾವಿನ ಮನೆಯಲ್ಲಿ 'ತುನ್ನೆನ್ ಕಾಸ', ನಿಮ್ಮ ನೋವಿನಲ್ಲಿ ನಾನೂ ಇದ್ದೇನೆ ಎಂಬಷ್ಟೇ ಸಾಕು, ಹೆಚ್ಚು ಬೆಳೆಸಬಾರದು. ಹೂವು ಒಯ್ಯುವುದಾದರೆ ಎಣಿಸಿ ಒಯ್ಯಿರಿ: ಶುಭಕ್ಕೆ ಬೆಸ ಸಂಖ್ಯೆ, ಸಾವಿಗೆ ಸಮ.

ಅಭ್ಯಾಸಕ್ಕೆ ಜಾಗಗಳಿವೆ. 'ಕೇಲೆಕ್ಲಿಕ್ಕ್' ಎಂಬ ಉಚಿತ ಆನ್‌ಲೈನ್ ಕೋರ್ಸ್ ಆರಂಭದವರಿಗೆ, 'ಕೇಲೆತೇ' ಅದರ ಮುಂದಿನ ಮೆಟ್ಟಿಲು. ಎರಡೂ ಇಂಗ್ಲಿಷ್ ಇಲ್ಲವೇ ರಷ್ಯನ್ ಮೂಲಕ ಕಲಿಸುತ್ತವೆ, ರಷ್ಯನ್ ಬಾರದವರಿಗೆ ಇಂಗ್ಲಿಷ್ ಬಿಟ್ಟು ಬೇರೆ ದಾರಿಯಿಲ್ಲ. ಆದರೆ ನಿಮ್ಮ ನೋಟ್‌ಬುಕ್ಕಿನಲ್ಲಿ ಎಡಗಡೆ ಸಂದರ್ಭವನ್ನು ಕನ್ನಡದಲ್ಲಿ ಬರೆದು, ಬಲಗಡೆ ಮಾತು ಮತ್ತು ಮರುಮಾತು ಎರಡನ್ನೂ ಎಸ್ಟೋನಿಯನ್‌ನಲ್ಲಿ ಬರೆಯುವುದನ್ನು ಯಾರೂ ತಡೆಯುವುದಿಲ್ಲ. ತಾಲಿನ್ ಮತ್ತು ನಾರ್ವಾದ ಎಸ್ಟೋನಿಯನ್ ಭಾಷಾ ಭವನಗಳಲ್ಲಿ ಭಾಷಾ ಕೆಫೆಗಳು ನಡೆಯುತ್ತವೆ. ಅಲ್ಲಿಗೆ ಹೋದಾಗ 'ಇದರ ಅರ್ಥವೇನು' ಎಂದು ಕೇಳುವುದಕ್ಕಿಂತ 'ಯಾರಾದರೂ ಹೀಗೆಂದರೆ ನಾನೇನು ಹೇಳಬೇಕು' ಎಂದು ಕೇಳಿ. ಕೇಳಿದ ನುಡಿಗಟ್ಟನ್ನು ಎಸ್ಟೋನಿಯನ್ ಭಾಷಾ ಸಂಸ್ಥೆಯ 'ಸೊನವೇಬ್' ಎಂಬ ಉಚಿತ ನಿಘಂಟಿನಲ್ಲಿ ಹುಡುಕಿದರೆ ವಿಭಕ್ತಿ ರೂಪಗಳು, ಉದಾಹರಣೆಗಳು ಸಿಗುತ್ತವೆ, ಆಡುಮಾತಿನ ಪದಗಳಿಗೆ 'ಕೊನೆಕೇಲ್ನೆ' ಎಂಬ ಗುರುತೂ ಇರುತ್ತದೆ. ಆ ಗುರುತು ಕಂಡರೆ ಮನೆಯೊಡೆಯರಿಗೆ ಬರೆಯುವ ಇಮೇಲಿನಲ್ಲಿ ಅದನ್ನು ಹಾಕಬೇಡಿ.